1986ರ ಫೈಬರ್ ಬೋಟು: ಹೊಸ ಇಂಜಿನ್ ಕೂರಿಸಲಾ, ಇರುವುದನ್ನೇ ರಿಪೇರಿ ಮಾಡಲಾ?

ಹಳೆದೋಣಿ86:

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪ ಓಡಿಸುತ್ತಿದ್ದ 16 ಅಡಿಯ ಫೈಬರ್ ಬೋಟು ಈಗ ನನ್ನ ಪಾಲಿಗೆ ಬಂದಿದೆ. 1986ರದ್ದು. ಹಿಂದೆ 60 ಹೆಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಇಂಜಿನ್) ಇದೆ, ಮೂರು ಸಿಲಿಂಡರ್, ಕಾರ್ಬುರೇಟರಿನದ್ದು. ಏಳು ವರ್ಷ ಟಾರ್ಪಾಲ್ ಹೊದ್ದು ಮಲಗಿತ್ತು, ಆ ಟಾರ್ಪಾಲ್ ನಡುವೆ ಹರಿದು ಮಳೆ ನೀರು ಒಳಗೆ ಇಳಿದಿದೆ.

ಹೊರಗಿಂದ ನೋಡಿದರೆ ಬೋಟು ಚೆನ್ನಾಗಿಯೇ ಇದೆ. ಬಣ್ಣ ಮಂಕಾಗಿದೆ, ಪಾಲಿಶ್ ಹೊಡೆದ ಕಡೆ ಹೊಳಪು ಬಂತು. ಒಳಗೆ ಡ್ರೈವರ್ ಸೀಟಿನ ಹಿಂದೆ ನೆಲ ಸ್ವಲ್ಪ ಮೆತ್ತಗಿದೆ, ಕಾಲಿಟ್ಟರೆ ಕುಗ್ಗುತ್ತದೆ. ವೈರಿಂಗ್ ಅಂತೂ ಹಕ್ಕಿಗೂಡು. ಸ್ಟೀರಿಂಗ್ ತಿರುಗಿಸಲು ಎರಡೂ ಕೈ ಬೇಕು.

ನನ್ನ ಯೋಚನೆ ಏನೆಂದರೆ, ಹಳೆ ಇಂಜಿನ್ ತೆಗೆದುಹಾಕಿ 70 ಹೆಚ್‌ಪಿಯ ಫೋರ್ ಸ್ಟ್ರೋಕ್ ಕೂರಿಸುವುದು, ಎಲ್‌ಇಡಿ ದೀಪ, ಹೊಸ ಮೀಟರುಗಳು, ಫಿಶ್ ಫೈಂಡರ್ ಹಾಕುವುದು, ನೆಲದ ಆ ಜಾಗಕ್ಕೆ ಮಾತ್ರ ಒಂದು ತೇಪೆ. ಬೋಟಿನ ಪ್ಲೇಟಿನಲ್ಲಿ 75 ಹೆಚ್‌ಪಿ ತನಕ ಅಂತ ಬರೆದಿದೆ, ಹಾಗಾಗಿ 70ಕ್ಕೆ ತೊಂದರೆ ಇಲ್ಲ ಅಲ್ವಾ? ಇಂಜಿನ್ ಕೆಲಸ ನನಗೆ ಅಲ್ಪಸ್ವಲ್ಪ ಬರುತ್ತದೆ, ಫೈಬರ್ ಕೆಲಸ ಯಾವತ್ತೂ ಮಾಡಿಲ್ಲ. ಎಲ್ಲಿಂದ ಶುರು ಮಾಡಲಿ?

ರೆಸಿನ್‌ಕೈ:

ಫಿಶ್ ಫೈಂಡರ್ ಸದ್ಯಕ್ಕೆ ಮರೆತುಬಿಡಿ ಸರ್. ನೆಲ ಮೆತ್ತಗಿದೆ ಅಂದಿರಲ್ಲ, ನನ್ನ ಕಣ್ಣು ನಿಂತಿದ್ದು ಅಲ್ಲೇ.

ಆ ಕಾಲದ ಬಹುಪಾಲು ಫೈಬರ್ ಬೋಟುಗಳಲ್ಲಿ ಫೈಬರ್ ಅನ್ನುವುದು ಮೇಲಿನ ಚರ್ಮ ಅಷ್ಟೇ. ಒಳಗಿನ ಎಲುಬೆಲ್ಲ ಮರ. ನೆಲ ಪ್ಲೈವುಡ್, ನೆಲದ ಕೆಳಗೆ ಉದ್ದಕ್ಕೆ ಓಡುವ ಸ್ಟ್ರಿಂಗರುಗಳು ಮರ, ಇಂಜಿನ್ ನೇತಾಡುವ ಟ್ರಾನ್ಸಮ್, ಅಂದರೆ ಹಿಂದಿನ ಗೋಡೆ, ಅದೂ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್. ಎಲ್ಲೋ ಒಂದು ಸ್ಕ್ರೂ ತೂತಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ, ವರ್ಷಗಟ್ಟಲೆ ಅಲ್ಲೇ ಕೂತು ಮರ ಕೊಳೆಯುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮೇಲೆ ಥಳಕು ಒಳಗೆ ಹುಳುಕು ಅನ್ನುತ್ತಾರಲ್ಲ, ಹಾಗೆ.

ಅಂಥ ಟ್ರಾನ್ಸಮ್‌ಗೆ ಹೊಸ ಇಂಜಿನ್ ಕೂರಿಸಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಫೋರ್ ಸ್ಟ್ರೋಕ್ ನಿಮ್ಮ ಹಳೆಯದಕ್ಕಿಂತ ಭಾರ ಬೇರೆ. ಮಾದರಿ ನೋಡಿಕೊಂಡು 15, 20 ಕಿಲೋ ಜಾಸ್ತಿ ಇರಬಹುದು, ಅದೂ ಬೋಟಿನ ತುದಿಯಲ್ಲಿ. ಪ್ಲೇಟಿನಲ್ಲಿ ಬರೆದ 75 ಹೆಚ್‌ಪಿ 1986ರ ಗಟ್ಟಿ ಟ್ರಾನ್ಸಮ್‌ಗೆ ಹೇಳಿದ ಮಾತು, ಈಗಿರುವ ಟ್ರಾನ್ಸಮ್‌ಗೆ ಅಲ್ಲ.

ಮೊದಲು ಇಷ್ಟು ಮಾಡಿ. ಇಂಜಿನನ್ನು ಅರ್ಧ ಎತ್ತಿ, ಕೆಳಗಿನ ಭಾಗ ಹಿಡಿದು ಮೇಲಕ್ಕೂ ಕೆಳಕ್ಕೂ ಜಗ್ಗಿ. ಇನ್ನೊಬ್ಬರು ಟ್ರಾನ್ಸಮ್ ಮೇಲೆ ಕಣ್ಣಿಟ್ಟಿರಲಿ. ಅದು ಬಾಗುತ್ತಿದ್ದರೆ ಅಥವಾ ಮೂಲೆಗಳಲ್ಲಿ ಕೂದಲೆಳೆ ಬಿರುಕು ಬಾಯಿ ತೆರೆದರೆ ಉತ್ತರ ಸಿಕ್ಕಂತೆ. ಆಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ಇರುವ ಕಡೆ ಟಕ್ ಟಕ್ ಅನ್ನುತ್ತದೆ, ಕೊಳೆತ ಕಡೆ ಬೊದ್ ಅನ್ನುತ್ತದೆ, ಹತ್ತು ನಿಮಿಷದಲ್ಲಿ ಕಿವಿ ಪಳಗುತ್ತದೆ. ಕೊನೆಗೆ ಡ್ರಿಲ್. ಒಳಗಿನ ಬದಿಯಿಂದ, ಕೆಳಗೆ, ನೀರು ಬಿಡುವ ಪ್ಲಗ್ಗಿನ ಹತ್ತಿರ ಐದಾರು ಮಿಲಿಮೀಟರಿನ ತೂತು ಹಾಕಿ. ಹೊರ ಪದರ ದಾಟಬೇಡಿ. ಬರುವ ಪುಡಿ ಒಣಗಿ ಬಿಳಿಚಾಗಿದ್ದರೆ ಹಬ್ಬ ಮಾಡಿ, ಕಪ್ಪಗೆ ಒದ್ದೆಯಾಗಿದ್ದರೆ ಬಂದು ಹೇಳಿ. ನಾಲ್ಕೈದು ಕಡೆ ನೋಡಿ, ಒಂದೇ ತೂತು ನಂಬಬೇಡಿ. ತೂತುಗಳನ್ನು ಆಮೇಲೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿ ಮುಚ್ಚಬಹುದು.

ಎರಡುಸ್ಟ್ರೋಕ್:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಆದರೆ ಆ ಹಳೆ ಇಂಜಿನ್ ತೆಗೆದುಹಾಕುತ್ತೇನೆ ಅಂದಿದ್ದು ನೋಡಿ ನನಗೆ ಹೊಟ್ಟೆ ಉರಿಯಿತು.

ಕಾರ್ಬುರೇಟರಿನ ಟೂ ಸ್ಟ್ರೋಕ್ ಇಂಜಿನ್ ಹಗುರ, ಬಿಡಿಭಾಗ ಕಡಿಮೆ, ಕೈಯಲ್ಲಿರುವ ಸ್ಪ್ಯಾನರಿನಿಂದಲೇ ಬಿಚ್ಚಿ ಜೋಡಿಸಬಹುದು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೊಗೆ ಬಿಡುತ್ತದೆ, ಸದ್ದು ಮಾಡುತ್ತದೆ, ಒಪ್ಪುತ್ತೇನೆ. ವಾರಕ್ಕೆ ನಾಲ್ಕು ದಿನ ಬೋಟು ಇಳಿಸುವವರಾದರೆ ಫೋರ್ ಸ್ಟ್ರೋಕಿಗೇ ಹೋಗಿ. ತಿಂಗಳಿಗೊಮ್ಮೆ ಸುತ್ತಾಡಲು ಆದರೆ ಮೊದಲು ಇದರ ಆರೋಗ್ಯ ನೋಡಿ, ಆಮೇಲೆ ತೀರ್ಮಾನ ಮಾಡಿ.

ಆರೋಗ್ಯ ಅಂದರೆ ಕಂಪ್ರೆಶನ್, ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಬರುವ ಒತ್ತಡ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ ವೈರುಗಳನ್ನು ಅರ್ಥ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ಸ್ಟಾರ್ಟರ್ ತಿರುಗಿಸಿ. ಅಂಕಿ ಎಷ್ಟು ಬಂತು ಅನ್ನುವುದಕ್ಕಿಂತ ಮೂರೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ಶೇಕಡ 10ರೊಳಗೆ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ. ಆದರೆ ಏಳು ವರ್ಷ ಮಲಗಿದ ಇಂಜಿನನ್ನು ನೇರವಾಗಿ ಸ್ಟಾರ್ಟರಿನಿಂದ ತಿರುಗಿಸಬೇಡಿ. ಹಿಂದಿನ ದಿನವೇ ಪ್ಲಗ್ ತೂತಿನೊಳಗೆ ಸ್ವಲ್ಪ ಎಣ್ಣೆ ಬಿಟ್ಟು, ಮರುದಿನ ಫ್ಲೈವೀಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ ನೋಡಿ.

ಆಮೇಲೆ ಗೇರ್ ಆಯಿಲ್. ಕೆಳಗಿನ ಸ್ಕ್ರೂ ಬಿಚ್ಚಿದಾಗ ಹಾಲಿನ ಹಾಗೆ ಬೆಳ್ಳಗೆ ಬಂದರೆ ಸೀಲ್ ಹೋಗಿ ನೀರು ಒಳಗೆ ಬಂದಿದೆ ಅಂತ ಅರ್ಥ. ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ ಮೇಲಕ್ಕೆ ತುಂಬಬೇಕು, ಮೇಲಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ. ನೀರಿನ ಪಂಪಿನ ಇಂಪೆಲ್ಲರ್ ನೋಡುವುದೇ ಬೇಡ, ಹೊಸದು ಹಾಕಿ. ಏಳು ವರ್ಷ ಒಂದೇ ಭಂಗಿಯಲ್ಲಿ ಮಡಚಿಕೊಂಡು ಕೂತ ರಬ್ಬರ್ ರೆಕ್ಕೆಗಳು ಮತ್ತೆ ನೆಟ್ಟಗಾಗುವುದಿಲ್ಲ. ಅದನ್ನು ಹಾಕದೆ, ನೀರು ಕೊಡದೆ, ಸುಮ್ನೆ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅಂತ ಮಾತ್ರ ಮಾಡಬೇಡಿ. ಒಣಗಿದ ಪಂಪು ಕೆಲವೇ ಸೆಕೆಂಡುಗಳಲ್ಲಿ ಸುಟ್ಟುಹೋಗುತ್ತದೆ.

ಟ್ಯಾಂಕಿನ ಹಳೆ ಪೆಟ್ರೋಲ್ ಖಾಲಿ ಮಾಡಿ. ಹಳೆ ರಬ್ಬರ್ ಪೈಪುಗಳನ್ನೆಲ್ಲ ಕಿತ್ತುಹಾಕಿ, ಪ್ರೈಮರ್ ಬಲ್ಬೂ (ಕೈಯಲ್ಲಿ ಒತ್ತಿ ಪೆಟ್ರೋಲ್ ಏರಿಸುವ ರಬ್ಬರ್ ಉಂಡೆ) ಸೇರಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಆ ಕಾಲದ ಪೈಪುಗಳು ಅದಕ್ಕೆ ಮಾಡಿದ್ದಲ್ಲ, ಒಳಗೆ ಕರಗಿ ಕಪ್ಪು ಚೂರು ಬಿಡುತ್ತವೆ. ಆ ಚೂರು ಹೋಗಿ ಕೂರುವುದು ಕಾರ್ಬುರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತಿನಲ್ಲಿ. ಜೆಟ್ ಕಟ್ಟಿಕೊಂಡರೆ ಆ ಸಿಲಿಂಡರಿಗೆ ಪೆಟ್ರೋಲೂ ಕಡಿಮೆ, ಅದರೊಂದಿಗೆ ಬರುವ ಎಣ್ಣೆಯೂ ಕಡಿಮೆ, ಪಿಸ್ಟನ್ ಕಥೆ ಮುಗಿಯಿತು.

ಒಂದು ಮಾತು ಬಿಟ್ಟೆ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಟಿಸಿ-ಡಬ್ಲ್ಯು3 ಅಂತ ಬರೆದಿದ್ದೇ ಆಗಬೇಕು, ಬೈಕಿನ ಟೂಟಿ ಎಣ್ಣೆ ಬೇಡ. ನೀರಿನಿಂದ ತಣಿಯುವ ಔಟ್‌ಬೋರ್ಡ್‌ಗಳಿಗೆ ಅಂತಲೇ ಮಾಡಿದ ಎಣ್ಣೆ ಅದು, ಬೂದಿ ಬಿಡುವುದಿಲ್ಲ. ಪ್ರಮಾಣ ನಿಮ್ಮ ಮ್ಯಾನ್ಯುಯಲ್ ಹೇಳಿದಷ್ಟು. 50ಕ್ಕೆ 1 ಅಂತಿದ್ದರೆ ಲೀಟರಿಗೆ 20 ಮಿಲಿ.

ಗಾಳಿಮಾತು:

ನಾನು ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೆಲ ಹೋಗಿದ್ದರೆ ಸ್ಟ್ರಿಂಗರ್ ಹೋಗಿರುತ್ತದೆ, ಸ್ಟ್ರಿಂಗರ್ ಹೋಗಿದ್ದರೆ ಟ್ರಾನ್ಸಮ್ ಹೋಗಿರುತ್ತದೆ. ಇದೇ ಸೈಜಿನ ಬೋಟಿಗೆ ನಾನು ಎರಡು ಬೇಸಿಗೆ ಸುರಿದಿದ್ದೇನೆ. ಆ ಖರ್ಚಿನಲ್ಲಿ ಗಟ್ಟಿ ಮೈಯಿರುವ ಬೇರೆ ಹಳೆ ಬೋಟನ್ನೇ ತರಬಹುದಿತ್ತು. ಲೆಕ್ಕದಲ್ಲಿ ಇದು ಯಾವತ್ತೂ ಗಿಟ್ಟುವುದಿಲ್ಲ. ಚಿಕ್ಕಪ್ಪನ ಬೋಟು ಅನ್ನುವ ಪ್ರೀತಿ ಇದ್ದರೆ ಅದು ಬೇರೆ ವಿಷಯ, ಆಗ ಲೆಕ್ಕ ಹಾಕಲೇ ಬೇಡಿ.

ಹಳೆದೋಣಿ86:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಆಯಿತು, ಹೇಳಿದ್ದೆಲ್ಲ ಮಾಡಿದೆ. ಒಳ್ಳೆ ಸುದ್ದಿ, ಕೆಟ್ಟ ಸುದ್ದಿ ಎರಡೂ ಇವೆ.

ಟ್ರಾನ್ಸಮ್‌ನಲ್ಲಿ ಐದು ತೂತು ಹಾಕಿದೆ. ಮೇಲಿನ ಎರಡರಲ್ಲಿ ಒಣ ಪುಡಿ. ಕೆಳಗಿನ ಮೂರರಲ್ಲಿ ಕಪ್ಪು ಕೆಸರು, ಒಂದರಿಂದ ನೀರು ಹನಿಹನಿಯಾಗಿ ಒಂದು ಗಂಟೆ ಸುರಿಯಿತು. ನೀರು ಎಲ್ಲಿಂದ ಹೋಗಿದೆ ಅಂತಲೂ ಗೊತ್ತಾಯಿತು. ಟ್ರಾನ್ಸಮ್ ದಾಟಿ ಹೊರಗೆ ಹೋಗುವ ಹಿತ್ತಾಳೆಯ ನೀರಿನ ಕೊಳವೆ ಕೊರೆದುಹೋಗಿದೆ, ಬೆರಳಿಟ್ಟರೆ ಪುಡಿಯಾಯಿತು. ಜೊತೆಗೆ ಯಾರೋ ಹಿಂದೆ ಏಣಿ ಕೂರಿಸಲು ಹಾಕಿದ ನಾಲ್ಕು ಸ್ಕ್ರೂ, ಒಂದಕ್ಕೂ ಸೀಲೆಂಟ್ ಇಲ್ಲ.

ನೆಲ ಕತ್ತರಿಸಿ ನೋಡಿದೆ. ಒಂದು ಸ್ಟ್ರಿಂಗರ್ ಹಿಂದಿನ ಮೂರು ಅಡಿ ಹೋಗಿದೆ, ಇನ್ನೊಂದು ಗಟ್ಟಿ ಇದೆ. ನೆಲದ ಕೆಳಗಿನ ಫೋಮ್ ಹಿಂದಿನ ಭಾಗದಲ್ಲಿ ಸ್ಪಂಜಿನ ಹಾಗೆ ನೆನೆದಿದೆ, ಹಿಂಡಿದರೆ ನೀರು.

ಇಂಜಿನ್ ಕಂಪ್ರೆಶನ್ 120, 118, 95. ಮೂರನೆಯದು ಸತ್ತಿದೆಯಾ?

ಮತ್ತೆ ಗಾಳಿಮಾತು ಸರ್, ಹೌದು, ಈ ಬೋಟಿನಲ್ಲೇ ನಾನು ಈಜು ಕಲಿತಿದ್ದು. ಲೆಕ್ಕ ಹಾಕುವುದಿಲ್ಲ.

ಎರಡುಸ್ಟ್ರೋಕ್:

95 ಅಂದರೆ ಶೇಕಡ 20ಕ್ಕಿಂತ ಜಾಸ್ತಿ ಕಡಿಮೆ. ಆದರೆ ಈಗಲೇ ಅಳಬೇಡಿ. ಬಹಳ ದಿನ ನಿಂತ ಟೂ ಸ್ಟ್ರೋಕಿನಲ್ಲಿ ಕಾರ್ಬನ್ ಕಟ್ಟಿ ಪಿಸ್ಟನ್ ರಿಂಗ್ ತಾನು ಕೂರುವ ತೋಡಿನಲ್ಲೇ ಅಂಟಿಕೊಂಡಿರುತ್ತದೆ. ಕಾರ್ಬನ್ ಕರಗಿಸುವ ಸ್ಪ್ರೇ ಸಿಗುತ್ತದೆ, ಪ್ಲಗ್ ತೂತಿನಿಂದ ಹೊಡೆದು ಒಂದು ರಾತ್ರಿ ಬಿಡಿ, ಕೈಯಲ್ಲಿ ತಿರುಗಿಸಿ, ಮತ್ತೆ ಹೊಡೆಯಿರಿ. ಎರಡು ಮೂರು ಸಲ ಮಾಡಿ ಇನ್ನೊಮ್ಮೆ ಅಳೆಯಿರಿ. ಅಂಕಿ ಏರಿದರೆ ರಿಂಗಿನ ಸಮಸ್ಯೆ. ಏರದಿದ್ದರೆ ಹೆಡ್ ಬಿಚ್ಚಿ ಸಿಲಿಂಡರಿನ ಗೋಡೆಯಲ್ಲಿ ಗೀರು ಇದೆಯಾ ನೋಡಬೇಕು. ಗೀರು ಇದ್ದರೆ ನಿಮ್ಮ ಫೋರ್ ಸ್ಟ್ರೋಕ್ ಆಸೆಗೆ ನಾನು ಅಡ್ಡ ಬರುವುದಿಲ್ಲ.

ಸ್ಟೀರಿಂಗ್ ಬಿಗಿ ಅಂದಿದ್ದಿರಿ. ಇಂಜಿನ್ ಕಡೆ ಕೇಬಲ್ ಸೇರುವ ಸಲಾಕೆ ಕಳಚಿ ಇಂಜಿನನ್ನು ಕೈಯಲ್ಲಿ ಆಚೀಚೆ ಆಡಿಸಿ. ಸಲೀಸಾಗಿ ಆಡಿದರೆ ತಪ್ಪು ಕೇಬಲಿನದ್ದು, ಹೊಸದು ಹಾಕಿ. ಇಂಜಿನ್ನೇ ಬಿಗಿ ಇದ್ದರೆ ಅದರ ಕೀಲಿನಲ್ಲಿ ಹಳೆ ಗ್ರೀಸ್ ಕಲ್ಲಾಗಿದೆ.

ರೆಸಿನ್‌ಕೈ:

ನಿರೀಕ್ಷಿಸಿದ್ದೇ. ಆದರೆ ಒಂದು ಸ್ಟ್ರಿಂಗರ್ ಪೂರ್ತಿ ಗಟ್ಟಿ ಇರುವುದು ದೊಡ್ಡ ಅದೃಷ್ಟ.

ಕೆಲಸಕ್ಕೆ ಕೈ ಹಾಕುವ ಮೊದಲು ಬೋಟು ಎಲ್ಲಿ ಕೂತಿದೆ ನೋಡಿ. ಟ್ರೇಲರಿನ ಎರಡು ಹಲಗೆಗಳ ಮೇಲಿದ್ದರೆ ಸಾಲದು. ನಡು ಬೆನ್ನಿಗೆ ಉದ್ದಕ್ಕೂ ಆಸರೆ ಕೊಡಿ, ಎರಡೂ ಬದಿಗೂ ಕೊಡಿ, ಮುಂದಿನಿಂದ ಹಿಂದಕ್ಕೆ ದಾರ ಎಳೆದು ನೇರ ಇದೆಯಾ ನೋಡಿಕೊಳ್ಳಿ. ನೆಲ, ಸ್ಟ್ರಿಂಗರ್, ಟ್ರಾನ್ಸಮ್ ಮೂರನ್ನೂ ಒಟ್ಟಿಗೆ ತೆಗೆದರೆ ಬೋಟಿನ ಮೈ ಒದ್ದೆ ರಟ್ಟಿನ ಹಾಗೆ ತನಗೆ ಬೇಕಾದ ಆಕಾರಕ್ಕೆ ಬಾಗುತ್ತದೆ, ಆ ಬಾಗಿದ ಆಕಾರದಲ್ಲೇ ನೀವು ಹೊಸ ಸ್ಟ್ರಿಂಗರ್ ಅಂಟಿಸಿದರೆ ಅದು ಶಾಶ್ವತ. ಆಮೇಲೆ ನೀರಿಗಿಳಿಸಿದಾಗ ಬೋಟು ಒಂದು ಬದಿಗೆ ಎಳೆಯುತ್ತಿದೆ ಅಂತ ಇಂಜಿನ್ನಿಗೆ ಬೈದು ಪ್ರಯೋಜನ ಇಲ್ಲ. ನಾನು ಕಲಿಯುವಾಗ ಮಾಡಿದ ತಪ್ಪು ಇದು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಿ.

ಟ್ರಾನ್ಸಮ್ ಒಳಗಿನಿಂದ ಮಾಡಿ. ಒಳ ಪದರ ಕತ್ತರಿಸಿ ತೆಗೆದು, ಕೊಳೆತ ಮರವನ್ನು ಉಳಿಯಿಂದ ಕೆರೆದು, ಹೊರ ಪದರದ ಒಳಮೈ ಸ್ವಚ್ಛವಾಗುವ ತನಕ ಗ್ರೈಂಡ್ ಮಾಡಿ. ಮೇಲಿನ ಭಾಗದ ಒಣ ಮರ ಉಳಿಸಿಕೊಳ್ಳೋಣ ಅಂತ ಆಸೆ ಬರುತ್ತದೆ, ಬೇಡ. ಹೊಸ ಪ್ಲೈವುಡ್ ನೀರಿಗೆ ತಡೆಯುವ ಅಂಟಿನದ್ದೇ ಇರಲಿ. ಅನುಮಾನ ಇದ್ದರೆ ಒಂದು ತುಂಡನ್ನು ಕುದಿಯುವ ನೀರಿನಲ್ಲಿ ಒಂದು ಗಂಟೆ ಬಿಟ್ಟು ಪದರ ಬಿಡುತ್ತದಾ ನೋಡಿ. ನಿಮ್ಮದು 38 ಮಿಲಿಮೀಟರ್ ದಪ್ಪ ಇದ್ದರೆ 19ರ ಎರಡು ಹಲಗೆ ಸಾಕು. ಅಳತೆ ತೆಗೆಯುವಾಗ ಹಳೆ ಎತ್ತರ ಬರೆದಿಟ್ಟುಕೊಳ್ಳಿ. ಉದ್ದ ಶಾಫ್ಟಿನ ಇಂಜಿನಿಗೆ 20 ಇಂಚು ಬೇಕು, ಇಲ್ಲಿ ಎತ್ತರ ಜಾಸ್ತಿಯಾದರೆ ಪ್ರೊಪೆಲ್ಲರ್ ಗಾಳಿ ಎಳೆಯಬಹುದು.

ಅಂಟಿಸಲು ಎಪಾಕ್ಸಿ. ಪಾಲಿಯೆಸ್ಟರ್ ರೆಸಿನ್ ಅಗ್ಗ, ಹೊಸ ಬೋಟು ಕಟ್ಟಲು ಚೆನ್ನಾಗಿದೆ, ಆದರೆ ಹಳೆ ಫೈಬರಿಗೂ ಮರಕ್ಕೂ ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಸಿಲಿಕಾ ಪುಡಿ ಬೆರೆಸಿ ಟೂತ್‌ಪೇಸ್ಟಿನ ಹದಕ್ಕೆ ತಂದು, ಹಲ್ಲಿನ ಕರಣೆಯಿಂದ ಹಚ್ಚಿ, ಹಲಗೆ ಒತ್ತಿದಾಗ ಸುತ್ತಲೂ ಅಂಟು ಹೊರಗೆ ಬರಬೇಕು. ಬರದಿದ್ದರೆ ಒಳಗೆ ಟೊಳ್ಳು ಉಳಿದಿದೆ. ಮೂಲೆಗಳಿಗೆ ಅದೇ ಪೇಸ್ಟಿನಿಂದ ಗುಂಡಗೆ ಇಳಿಜಾರು ಮಾಡಿ, ಅದರ ಮೇಲೆ ಬಟ್ಟೆ. ಫೈಬರ್ ಬಟ್ಟೆ ಚೂಪು ಮೂಲೆಗೆ ಮಡಚಿಕೊಳ್ಳುವುದಿಲ್ಲ, ಒಳಗೆ ಗಾಳಿ ಬಿಡುತ್ತದೆ. ಬಟ್ಟೆ ತರುವಾಗ ಹೊಲಿದ ಬೈಯಾಕ್ಸಿಯಲ್ (ನಾರು ಎರಡು ದಿಕ್ಕಿಗೆ ಓಡುವ ಬಟ್ಟೆ) ತನ್ನಿ. ಮಾಮೂಲಿ ಪುಡಿನಾರಿನ ಮ್ಯಾಟ್ ಬೇಡ, ಅದರ ನಾರು ಹಿಡಿದಿಟ್ಟ ಅಂಟು ಕರಗಲು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಬೇಕು, ಎಪಾಕ್ಸಿಯಲ್ಲಿ ಅದು ಇಲ್ಲ.

ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವುದು ಪಾಲಿಯೆಸ್ಟರಿನ ಬುದ್ಧಿ. ಎಪಾಕ್ಸಿಯಲ್ಲಿ ಅಳತೆ ತಪ್ಪಿದರೆ ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಕಲಸಿದ ಮೇಲೆ ಡಬ್ಬಿಯಲ್ಲೇ ಬಿಡಬೇಡಿ, ಬಿಸಿಯಾಗಿ ಹೊಗೆ ಬರುತ್ತದೆ, ಅಗಲ ತಟ್ಟೆಗೆ ಸುರಿಯಿರಿ. ಒಂದು ಕೋಟ್ ಗಟ್ಟಿಯಾದ ಮೇಲೆ ಮೇಲೆ ಜಿಡ್ಡಿನ ಪೊರೆ ಬಂದಿದ್ದರೆ ನೀರು ಹಾಕಿ ಉಜ್ಜಿ ತೊಳೆದು ಆಮೇಲೆ ಸ್ಯಾಂಡ್ ಪೇಪರ್. ತೊಳೆಯದೆ ಉಜ್ಜಿದರೆ ಜಿಡ್ಡು ಗೀರಿನೊಳಗೆ ಸೇರಿ ಮುಂದಿನ ಕೋಟ್ ಹಿಡಿಯುವುದಿಲ್ಲ.

ನೆನೆದ ಫೋಮ್ ಒಣಗುತ್ತದೆ ಅಂತ ಕಾಯಬೇಡಿ, ಒಣಗುವುದಿಲ್ಲ. ಕಿತ್ತುಹಾಕಿ. ನೂರು ಲೀಟರ್ ಜಾಗದ ಫೋಮ್ ಪೂರ್ತಿ ನೆನೆದರೆ ನೀವು ಹೆಚ್ಚುಕಮ್ಮಿ ನೂರು ಕಿಲೋ ನೀರು ಹೊತ್ತು ತಿರುಗುತ್ತಿದ್ದೀರಿ ಅಂತ ಲೆಕ್ಕ. ಆದರೆ ಹೊಸ ಫೋಮ್ ಹಾಕದೆ ನೆಲ ಮುಚ್ಚಬೇಡಿ, ಬೋಟಿಗೆ ನೀರು ತುಂಬಿದಾಗ ಅದನ್ನು ತೇಲಿಸುವುದು ಅದೇ.

ಗ್ರೈಂಡ್ ಮಾಡುವಾಗ ಬರೀ ಬಟ್ಟೆ ಕಟ್ಟಿಕೊಂಡರೆ ಆಗದು, ಫಿಲ್ಟರ್ ಇರುವ ಮಾಸ್ಕ್ ಬೇಕು, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ. ಮೊದಲ ರಾತ್ರಿ ತುರಿಕೆ ಗ್ಯಾರಂಟಿ. ಸ್ನಾನ ತಣ್ಣೀರಲ್ಲಿ ಮಾಡಿ.

ತಾಮ್ರತಂತಿ:

ನೆಲ ತೆರೆದಿದೆ ಅಂದರೆ ವೈರ್ ಎಳೆಯಲು ಇದೇ ಸಮಯ. ಮುಚ್ಚುವ ಮೊದಲು ಒಂದು ಪೈಪ್ ಹಾಕಿ, ಒಳಗೊಂದು ದಾರ ಬಿಟ್ಟಿರಿ, ಮುಂದೆ ಎಂದಾದರೂ ಹೊಸ ವೈರ್ ಬೇಕಾದಾಗ ನನ್ನನ್ನು ನೆನೆಯುತ್ತೀರಿ.

ಹಕ್ಕಿಗೂಡನ್ನು ಬಿಡಿಸಲು ಹೋಗಬೇಡಿ, ಪೂರ್ತಿ ಕಿತ್ತು ಹೊಸದಾಗಿ ಮಾಡಿ. ಮನೆಗೆ ಹಾಕುವ ಒಂಟಿ ಗಟ್ಟಿ ತಂತಿ ಬೋಟಿನ ಅಲುಗಾಟಕ್ಕೆ ಮುರಿಯುತ್ತದೆ, ಬರೀ ತಾಮ್ರದ ಎಳೆಗಳು ಒಳಗೊಳಗೇ ಕಪ್ಪಾಗುತ್ತಾ ಹೋಗುತ್ತವೆ. ತವರ ಲೇಪಿಸಿದ ಎಳೆಗಳ ವೈರ್ ತನ್ನಿ. ಜೋಡಣೆಗೆ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ತಿರುಚಿ ಟೇಪ್ ಸುತ್ತಿದ ಜೋಡಣೆ ಒಂದಾದರೂ ಉಳಿದರೆ ತೊಂದರೆ ಬರುವುದು ಅಲ್ಲಿಂದಲೇ.

ವೈರಿನ ದಪ್ಪ ಆರಿಸುವಾಗ ಹೋಗುವ ದಾರಿ ಮಾತ್ರ ಅಳೆಯುತ್ತಾರೆ ಎಲ್ಲರೂ. ಹೋಗಿ ಬರುವ ಎರಡೂ ದಾರಿ ಸೇರಿಸಬೇಕು. ಬಿಲ್ಜ್ ಪಂಪ್ (ಬೋಟಿನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪ್), ಸಂಚಾರ ದೀಪಗಳಿಗೆ ವೋಲ್ಟೇಜ್ ಇಳಿಕೆ ಶೇಕಡ 3 ದಾಟಬಾರದು, 12 ವೋಲ್ಟಿನಲ್ಲಿ ಅದು ಅರ್ಧ ವೋಲ್ಟೂ ಅಲ್ಲ. ಮುಖ್ಯ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಏಳು ಇಂಚಿನೊಳಗೆ. ಡ್ಯಾಶ್‌ಬೋರ್ಡಿನಲ್ಲಿ ಫ್ಯೂಸ್ ಇಟ್ಟು ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರನ್ನು ದೇವರಿಗೆ ಬಿಟ್ಟಿರುವ ಬೋಟುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಬಿಲ್ಜ್ ಪಂಪಿನ ಫ್ಲೋಟ್ ಸ್ವಿಚ್ (ನೀರು ಏರಿದಾಗ ಪಂಪನ್ನು ತಾನೇ ಚಾಲೂ ಮಾಡುವುದು) ಮಾತ್ರ ಮೇನ್ ಸ್ವಿಚ್ಚಿಗೆ ಸೇರಿಸಬೇಡಿ, ತನ್ನದೇ ಫ್ಯೂಸಿನೊಂದಿಗೆ ನೇರ ಬ್ಯಾಟರಿಗೆ ಕೊಡಿ, ನೀವು ಮಲಗಿದ್ದಾಗಲೂ ಅದು ಎದ್ದಿರಬೇಕು. ಚಿಕ್ಕ ಪಂಪ್ ಸಾಕು ಅಂದುಕೊಳ್ಳುವವರಿಗೆ ಒಂದು ಲೆಕ್ಕ. ನೀರಿನ ಮಟ್ಟದಿಂದ ಒಂದು ಅಡಿ ಕೆಳಗೆ ಒಂದು ಇಂಚಿನ ತೂತಾದರೆ ನಿಮಿಷಕ್ಕೆ 40 ಲೀಟರಿಗಿಂತ ಜಾಸ್ತಿ ನೀರು ನುಗ್ಗುತ್ತದೆ. ಗಂಟೆಗೆ 500 ಗ್ಯಾಲನ್ ಅಂತ ಬರೆದ ಪಂಪ್ ನಿಮಿಷಕ್ಕೆ ಹೆಚ್ಚೆಂದರೆ 31 ಲೀಟರ್, ಅದೂ ಮೇಲಕ್ಕೆ ಎತ್ತುವ ಕೆಲಸವೇ ಇಲ್ಲದಾಗ.

ಹಾಗೇ ಇಂಜಿನ್ ಕಿಲ್ ಸ್ವಿಚ್ಚಿನ ದಾರ (ಓಡಿಸುವವರು ಬಿದ್ದರೆ ಇಂಜಿನ್ ನಿಲ್ಲಿಸುವುದು) ಕೆಲಸ ಮಾಡುತ್ತದಾ ನೋಡಿ. ಹಳೆ ಬೋಟುಗಳಲ್ಲಿ ಅದನ್ನು ಯಾರೋ ಬೈಪಾಸ್ ಮಾಡಿರುತ್ತಾರೆ.

ಹಳೆದೋಣಿ86:

ನಾಲ್ಕು ತಿಂಗಳ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ. ತುರಿಕೆಯ ಬಗ್ಗೆ ಹೇಳಿದ್ದು ಸುಳ್ಳಲ್ಲ.

ಟ್ರಾನ್ಸಮ್ ಮುಗಿಯಿತು. ಇಂಜಿನ್ ಕೂರಿಸಿ ಮೊದಲಿನ ಹಾಗೆ ಜಗ್ಗಿ ನೋಡಿದೆ, ಟ್ರೇಲರ್ ಅಲುಗಾಡಿತು, ಟ್ರಾನ್ಸಮ್ ಅಲುಗಲಿಲ್ಲ. ತೂತುಗಳನ್ನೆಲ್ಲ ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಅದರ ನಡುವೆ ಮತ್ತೆ ಸರಿಯಾದ ಅಳತೆಗೆ ಕೊರೆದೆ, ಹಾಗಾಗಿ ಇನ್ನು ಬೋಲ್ಟಿನ ಸುತ್ತ ಮರ ನೀರಿಗೆ ಸಿಗುವುದಿಲ್ಲ. ಸ್ಟ್ರಿಂಗರಿಗೆ ಮೂರು ಅಡಿಯ ತುಂಡು ಸೇರಿಸಿದೆ. ಏಣಿ ವಾಪಸ್ ಹಾಕಲಿಲ್ಲ. ಫಿಶ್ ಫೈಂಡರೂ ಇಲ್ಲ. ಬಿಲ್ಜ್ ಪಂಪ್ ಮಾತ್ರ 1100 ಗ್ಯಾಲನ್ನಿನದ್ದು ತಂದೆ.

ಸ್ಪ್ರೇ ಮೂರು ಸಲ ಹೊಡೆದ ಮೇಲೆ ಮೂರನೇ ಸಿಲಿಂಡರ್ 95ರಿಂದ 110ಕ್ಕೆ ಬಂತು! ಹಳೆ ಇಂಜಿನ್ನೇ ಇಟ್ಟುಕೊಂಡಿದ್ದೇನೆ. ಕಿಲ್ ಸ್ವಿಚ್ ನಿಜವಾಗಿಯೂ ಬೈಪಾಸ್ ಆಗಿತ್ತು, ಸರಿ ಮಾಡಿದೆ.

ನಿನ್ನೆ ನೀರಿಗಿಳಿಸಿದೆ. ಚೆನ್ನಾಗಿ ಓಡಿತು, ಆದರೆ ಪೂರ್ತಿ ಥ್ರಾಟಲ್ ಕೊಟ್ಟರೂ 4600 ಆರ್‌ಪಿಎಮ್ ದಾಟುತ್ತಿಲ್ಲ. ಮ್ಯಾನ್ಯುಯಲ್‌ನಲ್ಲಿ 5000ದಿಂದ 5500 ಅಂತಿದೆ. ಕಾರ್ಬುರೇಟರ್ ಮತ್ತೆ ಬಿಚ್ಚಲಾ?

ಎರಡುಸ್ಟ್ರೋಕ್:

110 ಓದಿ ಖುಷಿಯಾಯಿತು!

ಕಾರ್ಬುರೇಟರ್ ಬಿಚ್ಚುವ ಮೊದಲು ಎರಡು ಸುಲಭದ ಕೆಲಸ. ಒಬ್ಬರು ಲಿವರ್ ಪೂರ್ತಿ ತಳ್ಳಿ ಹಿಡಿಯಲಿ, ಇಂಜಿನ್ ಆಫ್ ಇರುವಾಗ, ನೀವು ಮುಚ್ಚಳ ತೆಗೆದು ಮೂರೂ ಬಟರ್‌ಫ್ಲೈ (ಕಾರ್ಬುರೇಟರಿನಲ್ಲಿ ಗಾಳಿ ಬಿಡುವ ಬಿಲ್ಲೆಗಳು) ಪೂರ್ತಿ ತೆರೆದಿವೆಯಾ ನೋಡಿ. ಕೇಬಲ್ ಬಿಚ್ಚಿ ಹಾಕಿದಾಗ ಇದು ಸಾಮಾನ್ಯವಾಗಿ ತಪ್ಪುತ್ತದೆ. ಎರಡನೆಯದು ಪ್ರೊಪೆಲ್ಲರ್ ಮೇಲೆ ಬರೆದ ಪಿಚ್ (ಒಂದು ಸುತ್ತಿಗೆ ಲೆಕ್ಕದಲ್ಲಿ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಅಳತೆ) ನೋಡಿ ಹೇಳಿ. ಪಿಚ್ ಒಂದು ಇಂಚು ಕಡಿಮೆ ಮಾಡಿದರೆ ಸುಮಾರು 200 ಆರ್‌ಪಿಎಮ್ ಏರುತ್ತದೆ, ನಿಮಗೆ ಎರಡು ಅಥವಾ ಮೂರು ಇಂಚು ಕಡಿಮೆಯದ್ದು ಬೇಕಾಗಬಹುದು. ಅಲ್ಲಿಯ ತನಕ ಪೂರ್ತಿ ಥ್ರಾಟಲಿನಲ್ಲಿ ಎಳೆಯಬೇಡಿ, ಕಡಿಮೆ ಆರ್‌ಪಿಎಮ್‌ನಲ್ಲಿ ಒದ್ದಾಡಿಸುವುದು ಆ ಮೂರನೇ ಸಿಲಿಂಡರಿಗೆ ಒಳ್ಳೆಯದಲ್ಲ.

ಹಳೆದೋಣಿ86:

ಬಟರ್‌ಫ್ಲೈ ಪೂರ್ತಿ ತೆರೆಯುತ್ತಿವೆ. ಪ್ರೊಪೆಲ್ಲರ್ ಮೇಲೆ 17 ಅಂತ ಕೆತ್ತಿದೆ. 15ರದ್ದು ಒಂದು ಎರವಲು ಸಿಗುತ್ತದೆ, ಭಾನುವಾರ ಹಾಕಿ ನೋಡಿ ಅಂಕಿ ಬರೆಯುತ್ತೇನೆ.